ಕಲಿರೊಯಿ ಕೇಳದ ದೋಣಿ

ಬಜೆಟ್ ಸಭೆಯ ಹಿಂದಿನ ದಿನ ಸ್ಟ್ರಾಟಿಸ್ ಪೆರಾ ದ್ವೀಪದಿಂದ ದೋಣಿ ಹತ್ತಿ ಬಂದ. ತಂಗಿ ಕಲಿರೊಯಿಯ ಅಡುಗೆಮನೆ ಮೇಜಿನ ಮೇಲೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಆಡಿನ ಹಾಲಿನ ಚೀಸ್ ಇಟ್ಟ. ಕೂತುಕೋ ಎಂದರೆ ಕೂರಲಿಲ್ಲ. ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ ನಿಂತ.

"ಚಳಿಗಾಲದ ದೋಣಿ ನಿಲ್ಲಿಸ್ತಾರಂತೆ, ಹೌದೇನೇ?"

"ಇನ್ನೂ ಏನೂ ತೀರ್ಮಾನ ಆಗಿಲ್ಲ ಅಣ್ಣ. ನಾಳೆ ಸಭೆ ಇದೆ."

"ಪುರಸಭೆ ಹಣಕಾಸು ನೋಡ್ಕೊಳ್ಳೋಳು ನೀನೇ ಅಲ್ವಾ?"

"ಅದೇ ಕಷ್ಟ. ನಾನು ಬಾಯಿ ಬಿಟ್ರೆ ಅಣ್ಣನಿಗೋಸ್ಕರ ಅಂತಾರೆ."

ಸ್ಟ್ರಾಟಿಸ್ ನಕ್ಕುಬಿಟ್ಟ. "ಅಣ್ಣನಿಗೋಸ್ಕರಾನೇ ತಾನೇ? ಅದ್ರಲ್ಲೇನು ಸುಳ್ಳಿದೆ?"

ಅವನಿಗೇನು, ಆಡುಗಳ ಜೊತೆ ಇರುವವನು. ಊರಿನ ಬಾಯಿ ಎಂಥದ್ದು ಎಂದು ಕಲಿರೊಯಿಗೆ ಗೊತ್ತಿತ್ತು. ಬೇಸಿಗೆಯಲ್ಲಿ ಪ್ರವಾಸಿಗರ ದೋಣಿಗಳು ಪೆರಾಕ್ಕೆ ನೊಣದಂತೆ ಮುತ್ತುತ್ತವೆ. ಚಳಿಗಾಲಕ್ಕೆ ಪುರಸಭೆ ದುಡ್ಡು ಕೊಟ್ಟು ಓಡಿಸುವ ಆ ಒಂದೇ ದೋಣಿ. ಅದು ನಿಂತರೆ ಚೀಸ್ ಪೇಟೆಗೆ ಬರುವುದಿಲ್ಲ, ಔಷಧಿ ಅಲ್ಲಿಗೆ ಹೋಗುವುದಿಲ್ಲ, ಸೋಮವಾರ ಶಾಲೆಗೆ ಬಂದು ಶುಕ್ರವಾರ ಮನೆಗೆ ಮರಳುವ ಸ್ಟ್ರಾಟಿಸ್‌ನ ಇಬ್ಬರು ಮಕ್ಕಳು ಈ ದಡದಲ್ಲೇ ಉಳಿಯಬೇಕು. ಇವೆಲ್ಲ ಅವಳಿಗೆ ತಿಳಿಯದ ಸಂಗತಿಯಲ್ಲ. ಅವಳು ಹುಟ್ಟಿದ್ದೇ ಪೆರಾದಲ್ಲಿ, ಪುರಸಭೆಯಲ್ಲಿ ಪೆರಾದ ಸದಸ್ಯೆಯೂ ಅವಳೇ.

ಆದರೆ ಅವಳು ಚುನಾವಣೆ ಗೆದ್ದದ್ದು ಬೇರೆ ಮಾತಿನಿಂದ. ಹಿಂದಿನ ಮೇಯರ್ ತನ್ನ ಭಾವನಿಗೆ ಗುತ್ತಿಗೆ, ಸೋದರಳಿಯನಿಗೆ ನೌಕರಿ ಎಂದು ಹಂಚಿ ಹಂಚಿ ಪುರಸಭೆಯನ್ನು ಬೋಳು ಮಾಡಿ ಹೋಗಿದ್ದ. ಗಣಿತದ ಮೇಡಂ ಕಲಿರೊಯಿ ಚೌಕದಲ್ಲಿ ನಿಂತು, "ನನ್ನ ಮನೆಯವರಿಗೆ ಒಂದು ಬಿಡಿಗಾಸೂ ಇಲ್ಲ" ಎಂದು ಕೂಗಿದ್ದಳು. ಜನ ಚಪ್ಪಾಳೆ ತಟ್ಟಿದ್ದರು. ಪಾಪ, ಆ ಚಪ್ಪಾಳೆ ಅವಳ ಕಿವಿಯಿಂದ ಇಳಿಯಲೇ ಇಲ್ಲ.

"ನೋಡ್ತೀನಿ ಬಿಡಣ್ಣ," ಎಂದಳು.

ಮರುದಿನ ಪುರಸಭೆಯ ಕೋಣೆಯಲ್ಲಿ ಹೀಟರ್ ಹಚ್ಚಿರಲಿಲ್ಲ. ಎಣ್ಣೆ ಉಳಿಸಬೇಕಲ್ಲ! ಸದಸ್ಯರೆಲ್ಲ ಕೋಟು ಬಿಚ್ಚದೆ ಕೂತಿದ್ದರು. ಸಭೆಗೆ ಯಾರು ಬೇಕಾದರೂ ಬಂದು ಕೂರಬಹುದು. ಅವತ್ತು ಹಿಂದಿನ ಬೆಂಚಿನಲ್ಲಿ ಸ್ಟ್ರಾಟಿಸ್ ಒಬ್ಬನೇ ಇದ್ದ, ಟೋಪಿ ಮೊಣಕಾಲ ಮೇಲೆ.

ಮೇಯರ್ ಥೆಮಿಸ್ ಗಂಟಲು ಸರಿ ಮಾಡಿಕೊಂಡ. "ಅಥೆನ್ಸ್‌ನಿಂದ ಬರೋ ಅನುದಾನ ಅರ್ಧಕ್ಕೆ ಇಳಿದಿದೆ. ಕಾನೂನು ನಿಮಗೆಲ್ಲ ಗೊತ್ತು, ಖರ್ಚು ಆದಾಯಕ್ಕೆ ಸರಿಹೊಂದಬೇಕು. ಹೊಂದದಿದ್ರೆ ಅಲ್ಲಿಂದ ಯಾರೋ ಬಂದು ಈ ಕುರ್ಚೀಲಿ ಕೂತು ನಮ್ಮ ಬಜೆಟ್ ಅವರೇ ಬರೀತಾರೆ."

"ಬರೀಲಿ ಬಿಡಿ, ಅವರಾದ್ರೂ ಹೀಟರ್ ಹಚ್ಚಿಸ್ತಾರೆ," ಎಂದ ಅಗಾಪಿತೋಸ್. ಕಾಂಬೋಸ್ ಹಳ್ಳಿಯ ಈ ಹಿರಿಯ ಸದಸ್ಯ ಮೂವರು ಮೇಯರ್‌ಗಳನ್ನು ಕಂಡವನು. "ಇಷ್ಟಕ್ಕೆಲ್ಲ ಯಾಕ್ರೀ ಒದ್ದಾಟ? ಹಳೇ ನೀರಿನ ಬಾಕಿ ಇದೆಯಲ್ಲ, ಅದನ್ನ ಈ ವರ್ಷ ವಸೂಲಾಗುತ್ತೆ ಅಂತ ಆದಾಯದಲ್ಲಿ ಬರೀರಿ. ಪ್ರತಿ ವರ್ಷ ಮಾಡೋದು ಅದೇ ತಾನೇ!"

ಕಲಿರೊಯಿ ಎದ್ದಳು. "ಆ ಬಾಕಿದಾರರಲ್ಲಿ ಅರ್ಧ ಜನ ತೀರ್ಕೊಂಡಿದ್ದಾರೆ. ಬಿಲ್ಲನ್ನ ಸ್ಮಶಾನಕ್ಕೆ ಕಳಿಸೋಣ್ವಾ?"

"ತಾಯಿ, ಆ ಪುಣ್ಯಾತ್ಮರೇ ಇಷ್ಟು ವರ್ಷ ನಮ್ಮ ಬಜೆಟ್ ಎತ್ತಿ ಹಿಡಿದಿದ್ದು! ಬದುಕಿರೋರು ಏನು ಕೊಟ್ಟಿದ್ದಾರೆ?"

ಎಲ್ಲರೂ ನಕ್ಕರು. ಕಲಿರೊಯಿಯೂ ನಕ್ಕಳು, ಆದರೆ ಜಗ್ಗಲಿಲ್ಲ. ಸುಳ್ಳು ಆದಾಯ ಬರೆದು ಬರೆದೇ ಈ ಗತಿ ಬಂದಿದೆ, ಇನ್ನು ಅದು ಸಾಧ್ಯವಿಲ್ಲ ಎಂದಳು. ಸಾಲದ ಮೇಲೆ ಸಾಲ ಮಾಡಿ ಮಕ್ಕಳ ತಲೆಗೆ ಕಟ್ಟುವುದು ನ್ಯಾಯವೇ ಎಂದು ಕೇಳಿದಳು. ಹಸಿದವರಿಗೆ ಊಟ ನಿಲ್ಲಿಸುವುದು ಯಾವ ನ್ಯಾಯ ಎಂದು ಮೀನುಗಾರರ ಕೇರಿಯ ದೆಸ್ಪಿನಾ ತಿರುಗಿ ಕೇಳಿದಳು. ವಾದ ಕಾವೇರಿತು. ಇಬ್ಬರೂ ಹೇಳಿದ್ದು ಸರಿಯೇ, ಅದೇ ತೊಂದರೆ.

ಕೊನೆಗೆ ಮೇಯರ್ ಒಂದು ದಾರಿ ಹೇಳಿದ. ಕಡ್ಡಾಯವಲ್ಲದ ಖರ್ಚುಗಳನ್ನೆಲ್ಲ ಮೊದಲು ಹೊಡೆದುಹಾಕುವುದು. ಆಮೇಲೆ ಒಂದೊಂದನ್ನೇ ಓದುವುದು. ಆಯಾ ಊರಿನ ಸದಸ್ಯರು ಎದ್ದು ಕೇಳಿದರೆ, ಸಭೆ ಒಪ್ಪಿದರೆ, ಅದು ವಾಪಸ್. ಆ ಸಭೆಯಲ್ಲಿ ಮೊದಲಿನಿಂದಲೂ ಹಾಗೆಯೇ. ಒಬ್ಬರ ಊರಿನ ವಿಷಯಕ್ಕೆ ಇನ್ನೊಬ್ಬರು ಬಾಯಿ ಹಾಕುವುದು ಮರ್ಯಾದೆಯಲ್ಲ. ಕೇಳಿದವರಿಗೆ ಇಲ್ಲ ಎನ್ನುವುದೂ ಮರ್ಯಾದೆಯಲ್ಲ.

ಅಗಾಪಿತೋಸ್ ಕಾಂಬೋಸ್‌ಗೆ ನೀರಿನ ಟ್ಯಾಂಕರ್ ಕೇಳಿದ. ಕೈಗಳು ಎದ್ದವು. ದೆಸ್ಪಿನಾ ಮುದುಕರಿಗೆ ಊಟ ಬೇಯಿಸುವ ಅಡುಗೆಯವಳನ್ನು ಕೇಳಿದಳು, "ಅರ್ಧ ದಿನದ ಸಂಬಳವಾದ್ರೂ ಸಾಕು" ಎಂದು ತಾನೇ ಇಳಿಸಿಕೊಂಡಳು. ಕೈಗಳು ಎದ್ದವು.

"ಪೆರಾದ ದೋಣಿ," ಎಂದು ಮೇಯರ್ ಓದಿದ.

ಕಲಿರೊಯಿ ಮನಸ್ಸಿನಲ್ಲೇ ಲೆಕ್ಕ ಹಾಕಿದ್ದಳು. ಬಜೆಟ್‌ನಲ್ಲಿ ದೋಣಿಗೆ ಜಾಗವಿತ್ತು. ಅವಳ ಆಸೆ ಇಷ್ಟೇ: ಬೇರೆ ಯಾರಾದರೂ ಕೇಳಲಿ. ಅಗಾಪಿತೋಸ್ ಕೇಳಿಯಾನು, ಇಲ್ಲವೇ ಮೇಯರ್ ತಾನೇ ಸೇರಿಸಿಯಾನು. ಆಗ ತಾನು ಒಂದಿಷ್ಟು ಆಕ್ಷೇಪಣೆ ಮಾಡಿ, ಹೋಗಲಿ ನಿಮ್ಮಿಷ್ಟ ಎಂದು ಒಪ್ಪಿಕೊಂಡರಾಯಿತು. ಅಣ್ಣನ ದೋಣಿಯೂ ಉಳಿಯಿತು, ತನ್ನ ಹೆಸರೂ ಉಳಿಯಿತು. ಅವಳು ಮುಂದಿದ್ದ ಕಾಗದದ ಮೇಲೆ ಕಣ್ಣು ನೆಟ್ಟು ಕಾದಳು.

"ಪೆರಾದ ಪರವಾಗಿ ಯಾರಾದ್ರೂ ಮಾತಾಡ್ತೀರಾ?" ಮೇಯರ್ ಇನ್ನೊಮ್ಮೆ ಕೇಳಿದ. ಅಗಾಪಿತೋಸ್ ಸುಮ್ಮಸುಮ್ಮನೆ ಕೆಮ್ಮಿದ. ತನ್ನನ್ನು ಸಿಕ್ಕಿಸಲು ಹೂಡಿದ ಆಟ ಇದು ಎಂದುಕೊಂಡಳು ಕಲಿರೊಯಿ. ಬಾಯಿ ಬಿಟ್ಟರೆ ನಾಳೆ ಕಾಫಿ ಅಂಗಡಿಯಲ್ಲಿ ಇದೇ ಮಾತು. ತುಟಿ ಕಚ್ಚಿ ಕೂತಳು.

"ಹಾಗಾದ್ರೆ ಮುಂದಿನದು," ಎಂದ ಮೇಯರ್.

ಹಿಂದಿನ ಬೆಂಚು ಕಿರುಗುಟ್ಟಿದ್ದು ಕೇಳಿಸಿತು. ಅವಳು ತಲೆ ಎತ್ತುವಷ್ಟರಲ್ಲಿ ಸ್ಟ್ರಾಟಿಸ್ ಹೊರಟುಹೋಗಿದ್ದ.

ಹೊಸ ವರ್ಷಕ್ಕೆ ದೋಣಿ ನಿಂತಿತು. ಪೆರಾದವರು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟಿದರು. ಈಸ್ಟರ್ ಹತ್ತಿರ ಬಂದಾಗ ಸ್ಟ್ರಾಟಿಸ್ ಆಡುಗಳನ್ನೆಲ್ಲ ಕಸಾಯಿಯವನಿಗೆ ಕೊಟ್ಟು, ಹೆಂಡತಿ ಮಕ್ಕಳೊಂದಿಗೆ ಈ ದಡಕ್ಕೆ ಬಂದು ಬೇಕರಿಯಲ್ಲಿ ಹಿಟ್ಟಿನ ಮೂಟೆ ಹೊರುವ ಕೆಲಸಕ್ಕೆ ಸೇರಿದ. ತಂಗಿಗೆ ಒಂದು ಕೆಟ್ಟ ಮಾತು ಆಡಲಿಲ್ಲ. ಭಾನುವಾರ ಅವಳ ಮನೆಯಲ್ಲಿ ಊಟ ಮಾಡುತ್ತಿದ್ದ, ಉಪ್ಪು ಕೇಳುತ್ತಿದ್ದ, ಅಷ್ಟೇ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು! ಅತ್ತ ಅಥೆನ್ಸ್‌ನವರು ಪುರಸಭೆಯನ್ನು ಹೊಗಳಿದರು. ಖರ್ಚು ಕಳೆದು ಒಂದಿಷ್ಟು ಉಳಿದಿತ್ತಂತೆ. ಆ ಉಳಿದದ್ದು ಯಾವುದೆಂದು ಕಲಿರೊಯಿಗೆ ಯಾರೂ ಹೇಳಬೇಕಿರಲಿಲ್ಲ.

ಮುಂದಿನ ಬಜೆಟ್ ಸಭೆಯಲ್ಲಿ ಅವಳು ಎಲ್ಲರಿಗಿಂತ ಮೊದಲು ಎದ್ದು ನಿಂತಳು. "ಪೆರಾಕ್ಕೆ ದೋಣಿ ಬೇಕು. ನಮ್ಮಣ್ಣನಿಗೋಸ್ಕರ ಅಂತ ಯಾರು ಬೇಕಾದ್ರೂ ಆಡ್ಕೊಳ್ಳಿ. ಹೌದು, ಅವನಿಗೋಸ್ಕರಾನೇ."

ಯಾರೂ ಆಡಿಕೊಳ್ಳಲಿಲ್ಲ. ದೆಸ್ಪಿನಾ ಕೋಟಿನ ತುದಿಯಿಂದ ಕಣ್ಣೊರೆಸಿಕೊಂಡಳು.

"ಈಗ ಕೇಳ್ತಿದ್ದೀಯಲ್ಲ ಮಗಳೇ," ಎಂದ ಅಗಾಪಿತೋಸ್, ಮೆಲ್ಲಗೆ. "ಅಲ್ಲಿ ಈಗ ಯಾರಿದ್ದಾರೆ? ದೋಣಿ ಯಾರನ್ನ ಹತ್ತಿಸ್ಕೊಂಡು ಬರಬೇಕು?"

"ಹೋದ ವರ್ಷ ನೀವ್ಯಾರೂ ಯಾಕೆ ಕೇಳ್ಲಿಲ್ಲ?"

"ನಿನ್ನೂರು ಕಣಮ್ಮ, ನೀನಿರುವಾಗ ನಾವು ಹೇಗೆ ಕೇಳೋದು? ನಿನ್ನನ್ನ ಬದಿಗೆ ತಳ್ಳಿದ ಹಾಗಾಗ್ತಿರಲಿಲ್ವಾ? ನೀನು ಎದ್ದ ತಕ್ಷಣ ಕೈ ಎತ್ತೋಣ ಅಂತಾನೇ ಎಲ್ಲರೂ ಬಂದಿದ್ವಿ. ದೆಸ್ಪಿನಾ ಅಡುಗೆಯವಳ ಸಂಬಳ ಯಾಕೆ ಇಳಿಸ್ಕೊಂಡ್ಳು ಅಂದ್ಕೊಂಡೆ? ನಿನ್ನ ದೋಣಿಗೆ ಜಾಗ ಆಗ್ಲಿ ಅಂತ."

ಸಭೆ ಮುಗಿದ ಮೇಲೆ ಕಲಿರೊಯಿ ನೇರ ಬೇಕರಿಗೆ ಹೋದಳು. ಸ್ಟ್ರಾಟಿಸ್ ಹಿಂಬಾಗಿಲಲ್ಲಿ ಮೂಟೆ ಇಳಿಸುತ್ತಿದ್ದ. ಹುಬ್ಬಿನವರೆಗೂ ಹಿಟ್ಟು.

"ಅಣ್ಣ, ಅವರೆಲ್ಲ ಕೊಡೋಕೆ ತಯಾರಿದ್ರಂತೆ. ನಾನು ಕೇಳಿದ್ರೆ ಸಾಕಿತ್ತಂತೆ. ನಂಗೆ ಗೊತ್ತಾಗ್ಲಿಲ್ಲ ಕಣೋ, ದೇವರಾಣೆಗೂ ಗೊತ್ತಾಗ್ಲಿಲ್ಲ."

ಸ್ಟ್ರಾಟಿಸ್ ಕೈ ಕೊಡವಿದ. ಒಳಗಿನಿಂದ ಬಿಸಿ ರೊಟ್ಟಿಯೊಂದನ್ನು ತಂದು, ಕಾಗದದಲ್ಲಿ ಸುತ್ತಿ ಅವಳ ಕೈಗಿಟ್ಟ.

"ನಂಗೆ ಗೊತ್ತಿತ್ತು," ಎಂದ. "ಹಿಂದೆ ಕೂತವನಿಗೆ ಎಲ್ಲರೂ ಕಾಣ್ತಾರೆ. ಅವತ್ತು ಇಡೀ ಸಭೆ ನಿನ್ನ ಮುಖಾನೇ ನೋಡ್ತಿತ್ತು ಕಣೇ. ನೀನೊಬ್ಳೇ ಕಾಗದ ನೋಡ್ತಾ ಕೂತಿದ್ದೆ."