ಕಲಾಯಿ ಹೋದ ತಪ್ಪಲೆ

ಸೌಟು ತಳಕ್ಕೆ ತಾಗಿ ಕರ್ ಎಂದಿತು, ಬೇಳೆ ಪಕ್ಕಕ್ಕೆ ಸರಿಯಿತು, ಅಲ್ಲಿ ಹಳದಿ — ಕುಂಬಳದ ಹೋಳಲ್ಲ, ಹೋಳು ಹೀಗೆ ಮಿರುಗುವುದಿಲ್ಲ, ಹಿತ್ತಾಳೆ, ಬೆಳ್ಳಿ ರೂಪಾಯಿಯಷ್ಟಗಲ ತವರದ ಕಲಾಯಿ ಹೋದ ಬರೀ ಹಿತ್ತಾಳೆ, ಅದರ ಮೇಲೆ ಬೆಳಗಿನಿಂದ ಹುಣಿಸೆಹಣ್ಣಿನ ಹುಳಿ, ನೈವೇದ್ಯಕ್ಕೆ ಮುಂಚೆ ರುಚಿ ನೋಡುವಂತಿಲ್ಲ, ಅದಕ್ಕೇ ಯಾರಿಗೂ ಗೊತ್ತಾಗಲಿಲ್ಲ, ಈಗ, ನೈವೇದ್ಯ ಮುಗಿದ ಮೇಲೆ, ಒಂದು ತೊಟ್ಟು ನಾಲಿಗೆಗೆ — ಥೂ, ಕಿಲುಬು. ಹೋದ ಶುಕ್ರವಾರ ಕಲಾಯಿ ಸಾಬರು ಬೀದಿಗೆ ಬಂದಾಗ ಈ ತಪ್ಪಲೆ ಹೊತ್ತು ಬಾಗಿಲಿಗೆ ಹೋದವಳು ನಾನೇ, ಇನ್ನೊಂದ್ ಸಲಕ್ಕೆ ಆಗತ್ತೆ ಕಣೇ, ಮುಂದಿನ್ ಸಲ ಹಾಕಿಸಣ ಎಂದವರು ಇವರು, ನನ್ನ ಯಜಮಾನರು, ಚಿಕ್ಕಬಳ್ಳಾಪುರದ ಹೈಸ್ಕೂಲಿನ ಸೈನ್ಸ್ ಮೇಷ್ಟ್ರು, ಅಲ್ಲೇ ನಿಂತು ಪಾಠ ಬೇರೆ, ತವರ ಕರಗಿ ಹರಡಿದ್ರೂ ತವರಾನೇ, ಅದು ಭೌತ ಬದಲಾವಣೆ, ಹುಳಿ ಹಿತ್ತಾಳೆ ತಿಂದು ಕಿಲುಬಾದ್ರೆ ರಾಸಾಯನಿಕ, ಅದು ವಾಪಸ್ ಬರಲ್ಲ. ಎಲ್ಲ ಗೊತ್ತು, ಕಲಾಯಿ ಮಾತ್ರ ಹಾಕಿಸಲಿಲ್ಲ. ನಡುಮನೆಯಲ್ಲಿ ಎಲೆಗೆ ಅನ್ನ ಬಿದ್ದಾಗಿದೆ, ಗೌರಿಬಿದನೂರಿನ ಪುಟ್ಟಸ್ವಾಮಯ್ಯನವರು, ಅವರ ಹೆಂಡತಿ, ಮಗ — ನನ್ನ ನಾದಿನಿ ನಾಗುವನ್ನು ನೋಡಲು ಬಂದ ಮೂರನೆಯ ಗಂಡಿನ ಕಡೆಯವರು, ಮೊದಲ ಇಬ್ಬರು ಬೇಡವೆಂದರು, ಈ ಮನೆಯವರು ಒಪ್ಪಿದ್ದಾರೆ, ನಾಗು ಬಚ್ಚಲಲ್ಲಿ ಕೂತು ಸಂತೋಷಕ್ಕೆ ಅತ್ತಳು, ಈಗ ಹುಳಿ ಕೆಟ್ಟಿದೆ ಎಂದರೆ ಮದುವೆ ಮುರಿಯಿತು, ಬಡಿಸಿದರೆ ಸಾಯಂಕಾಲಕ್ಕೆ ವಾಂತಿ, ಭೇದಿ — ಬಡಿಸಲಾರೆ, ಗಂಡಿನ ತಾಯಿ, ಆ ಮುದುಕಿಯ ಎಲೆಗೆ ನನ್ನ ಕೈಯಾರೆ ಬಡಿಸಲಾರೆ. ಹುಳಿ ತಾರೇ ಜಾನಕಿ, ಅತ್ತೆ ಕೂಗಿದರು. ಬಂದೆ. ಹೊಸ್ತಿಲು, ಎತ್ತರದ ಹೊಸ್ತಿಲು, ಹನ್ನೊಂದು ವರ್ಷ ಒಮ್ಮೆಯೂ ಎಡವದೆ ದಾಟಿದ ಹೊಸ್ತಿಲು — ಎಡವಿದೆ.

ಹುಳಿ ನೆಲಕ್ಕೆ, ಮೊಣಕಾಲು ಸುಡುತ್ತಿದೆ, ಕಾಲಿಗೇನ್ ಬಂದಿತ್ತೇ ನಿಂಗೆ, ಒಂದ್ ಕೆಲಸ ನೆಟ್ಟಗ್ ಮಾಡಕ್ ಬರಲ್ವಾ, ಎಂದರು ಅತ್ತೆ, ಹೋಗ್ಲಿ ಬಿಡೀಮ್ಮ, ಸಾರು ಇದ್ಯಲ್ಲ, ಎಂದರು ಪುಟ್ಟಸ್ವಾಮಯ್ಯನವರು, ಅಬ್ಬ, ಬದುಕಿದೆವು, ಸಾರು ಕಲ್ಲುಚಟ್ಟಿಯದು. ತಪ್ಪಲೆ ಉರುಳಿ ಉರುಳಿ ನನ್ನ ಯಜಮಾನರ ಎಲೆ ಮುಂದೆ ನಿಂತಿತು, ಬಾಯಿ ಇವರ ಕಡೆಗೇ. ಇವರು ನೋಡಿದರು, ನನ್ನನ್ನಲ್ಲ, ತಳವನ್ನು, ಗೊತ್ತಾಯಿತು, ಮುಖ ಹೇಳುತ್ತಿದೆ, ಈಗ ಅನ್ನುತ್ತಾರೆ, ಬೈಬೇಡಮ್ಮ ಅವಳ್ನ, ಅಷ್ಟು ಅಂದರೆ ಸಾಕು — ಎಡಗೈಯಿಂದ ತಪ್ಪಲೆ ಬೋರಲು ಹಾಕಿದರು, ನೋಡ್ಕೊಂಡ್ ನಡೀಬೇಕು ಕಣೇ, ಎಂದರು. ಬೋರಲು ತಪ್ಪಲೆಯ ಮೇಲೆ ಮಸಿ, ಎಲ್ಲರಿಗೂ ಬರೀ ಮಸಿ, ನನಗೆ ಹಳದಿ, ರೂಪಾಯಿಯಷ್ಟಗಲ, ಹಳದಿ.