ಜೈತುನ್ಬೀ ಬರೆದಿಟ್ಟ ಒಂಬತ್ತು ಹತ್ತು

ಹರಿಪ್ರಿಯಾ ಐದು ತುಂಬಿದರೂ ಮಾತಾಡದ್ದಕ್ಕೆ ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಕಾರಣಗಳಿಗೇನೂ ಕೊರತೆಯಿರಲಿಲ್ಲ. ಅಜ್ಜಿ ಸೀತಾಬಾಯಿಯದು ಒಂದೇ ಕಾರಣ: ಬಸುರಿ ಸೊಸೆ ಗ್ರಹಣದಲ್ಲಿ ಬದನೆಕಾಯಿ ಹೆಚ್ಚಿದ್ದು. ಗ್ರಹಣ ಬಿಟ್ಟಿತೆಂದು ತಿಳಿದು ವೃಂದಾ ಹೆಚ್ಚಿದ್ದು ನಿಜ. ಅಂದಿನಿಂದ ಆ ಈಳಿಗೆ ಅವಳ ಎದೆಯಲ್ಲೇ ಕೂತಿತ್ತು.

2001ರ ಜನವರಿಯಲ್ಲಿ ಹೈದರಾಬಾದಿಗೆ ಹೋದರು. ಅಲ್ಲಿನ ಡಾಕ್ಟರು ಮೂಲತಃ ಸೇಡಂ ಕಡೆಯವರು. ಮಗುವನ್ನು ನೋಡಿ ಆಟಿಸಂ ಎಂದರು.

“ಗ್ರಹಣದಾಗ ಬದನಿಕಾಯಿ ಹೆಚ್ಚಿದ್ದೆರಿ,” ವೃಂದಾ ತಲೆ ತಗ್ಗಿಸಿದಳು. “ಅದಕ್ಕ ಆತೇನ್ರಿ?”

“ಇಲ್ಲ ತಾಯಿ. ತ್ರಾಸು ಬದನಿಕಾಯಿಗಷ್ಟೇ ಆಗೇದ. ಕೂಸು ಹುಟ್ಟಿದ ಕೂಡಲೇ ಅತ್ತಿತೇನು?”

ಗಂಡ ಗುರುರಾಜ ಜಾತಕ ತೆಗೆದ. ಎಕ್ಸ್‌ರೇ ತೆಗೆಸಲೂ ಜಾತಕ ಒಯ್ಯುವ ಮನೆತನ. ಅದರಲ್ಲಿ ಜನನ ಒಂಬತ್ತು ಹದಿನೇಳು. ಜೊತೆಗಿದ್ದ ಚೀಟಿಯಲ್ಲಿ, ತವರಿಗೆ ಹೊರಡುವ ಮೊದಲೇ ನೋವು ಬಂದಾಗ ಮನೆಗೆ ಬಂದು ಹೆರಿಗೆ ಮಾಡಿಸಿದ ನರ್ಸ್ ಜೈತುನ್ಬೀ ಒಂಬತ್ತು ಹತ್ತು ಎಂದು ಬರೆದಿದ್ದಳು.

“ಆಕಿ ಗಡಿಯಾರ ಹಿಂದದರಿ. ನಂದು ರೈಲ್ವೆ ಟೈಮು. ಅಳು ಕೇಳಿದ ಕೂಡಲೇ ನೋಡೀನಿ,” ಎಂದ ಗುರುರಾಜ.

“ಆಕಿ ಕೂಸು ಬಂದದ್ದು ಬರದಾಳ, ನೀವು ಅದು ಅತ್ತಿದ್ದು ಬರದೀರಿ. ನಡುವಿನ ಏಳು ನಿಮಿಷ ಆಕಿ ಏನು ಮಾಡಿದ್ಳು?”

ಗುರುರಾಜ ಜಾತಕವನ್ನೂ ಚೀಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದ.

“ಉಸಿರು ತಡಾದ್ರ, ದಿನ ತುಂಬೂದಕ್ಕ ಮುಂಚೆ ಹುಟ್ಟಿದ್ರ ಇದರ ಅಪಾಯ ಒಂದೀಟು ಹೆಚ್ಚು ಅಂತಾರ. ಆದ್ರ ಅದೇ ಕಾರಣ ಅಂತ ನಾ ಹೇಳಾಂಗಿಲ್ಲ. ಹಂಗ ಹುಟ್ಟಿದ ಎಷ್ಟೋ ಮಕ್ಕಳು ಪಟಪಟ ಮಾತಾಡ್ತಾವ. ಆ ನರ್ಸ್ ಇರದಿದ್ರ ಮಾತ್ರ ಈ ಹುಡುಗಿ ಇರ್ತಿದ್ದಿಲ್ಲ.”

ಮರುದಿನವೇ ಶಹಾಬಾದಿಗೆ, ಜೈತುನ್ಬೀ ಮನೆಗೆ. ಸೀತಾಬಾಯಿ ಕರೆಯದೆಯೇ ಬಂದರು.

“ಉಸಿರೇ ಇದ್ದಿಲ್ಲರಿ ಬಾಯಾರ. ಬಾಯಿಗೆ ಬಾಯಿ ಹಚ್ಚಿ ಊದಿದೆ,” ಎಂದಳು ಜೈತುನ್ಬೀ. “ಹೇಳಿದ್ರ ನೀವು ಮೈಲಿಗಿ ಅಂತ ಕೂಸಿನ ತಲಿ ಮ್ಯಾಲ ಕೊಡ ಸುರೀತಿದ್ರಿ. ನವೆಂಬರ್ ಥಂಡಿ ಬ್ಯಾರೆ. ಅದಕ್ಕ ಸುಮ್ಮನಿದ್ದೆ.”

ಸೀತಾಬಾಯಿ ಯೋಚಿಸಿದರು. “ಸುರೀತಿದ್ದೆ, ಖರೆ.”

ವೃಂದಾ ನಗುತ್ತಲೇ ಜೈತುನ್ಬೀಯ ಕಾಲು ಮುಟ್ಟಿದಳು. ನಗು ಅರ್ಧದಲ್ಲೇ ಅಳುವಾಯಿತು. ಹರಿಪ್ರಿಯಾ ಇದಾವುದನ್ನೂ ಲೆಕ್ಕಿಸದೆ ಬಾಗಿಲಲ್ಲಿ ಎಲ್ಲರ ಚಪ್ಪಲಿಗಳನ್ನು ಒಂದೇ ಸಾಲಿಗೆ ತರುತ್ತಿದ್ದಳು.

ವಾಡಿಯಲ್ಲಿ ಇಳಿದು ಮನೆಗೆ ಬಂದಾಗ ನೆರೆಮನೆಯ ಅಂಬುಬಾಯಿ ಕಾದೇ ನಿಂತಿದ್ದಳು. “ಏನಂದ್ರು? ಯಾಕ ಹಿಂಗಾಗೇದಂತ?”

ವೃಂದಾ ಅಭ್ಯಾಸದಂತೆ ತಲೆ ತಗ್ಗಿಸುವಷ್ಟರಲ್ಲಿ ಸೀತಾಬಾಯಿ ಮುಂದೆ ಬಂದರು.

“ಯಾಕಂತ ಯಾರಿಗೂ ಗೊತ್ತಿಲ್ಲವ್ವ. ನಮ್ಮ ಸೊಸೆಯಿಂದಂತೂ ಅಲ್ಲ. ಕೂಸು ಹೆಂಗ ಉಳೀತು ಕೇಳು, ಹೇಳ್ತೀನಿ. ಕುಂದ್ರು.”

ವೃಂದಾ ಮಗಳ ಕೈ ಹಿಡಿದು ಒಳಗೆ ಹೋದಳು. ತಲೆ ತಗ್ಗಿಸಲಿಲ್ಲ.