ಒಣ ಪೈಪು

"ನೀರು ಬೀಳ್ತಿದ್ರೆ ನಿನ್ನ ತಲೆ ಒಡ್ಡಬೇಕಿತ್ತು ಕಣೇ, ಮುಂಡೆ. ಶರ್ಟ್ ಯಾಕೆ ಒಡ್ಡಿದೆ?"

ಸೂಪರ್‌ವೈಸರ್ ನನ್ನ ಮೇಜಿನ ಮೇಲಿದ್ದ ಒದ್ದೆ ಶರ್ಟುಗಳನ್ನು ಎತ್ತಿ ಮುಖಕ್ಕೆ ಎಸೆದ. ಸದಾ ಕೊರಳಲ್ಲಿ ಸೀಟಿ ನೇತುಹಾಕಿಕೊಂಡಿರುವ ಅವನಿಗೆ ನಾವು ಹೆಂಗಸರು ಹಿಂದಿನಿಂದ ಪೀಪಿ ಅನ್ನುತ್ತೇವೆ. ಎದುರಿಗೆ ಸಾರ್.

"ನಾನೇನು ಒಡ್ಡಿದ್ನಾ ಸಾರ್? ಮೇಲಿನ ಪೈಪು ಸೋರ್ತು."

"ಎದುರು ಮಾತಾಡ್ಬೇಡ."

ನಮ್ಮ ಗಾರ್ಮೆಂಟ್ಸ್‌ನ ಈ ಹೊಸ ಕಟ್ಟಡದ ಛಾವಣಿಗೆ ಉದ್ದಕ್ಕೂ ಕೆಂಪು ಪೈಪು ಹಾಕಿಸಿದ್ದಾರೆ. ಅಲ್ಲಲ್ಲಿ ಒಂದೊಂದು ಹಿತ್ತಾಳೆ ಮೂತಿ, ಮೂತಿಯಲ್ಲೊಂದು ಗಾಜಿನ ಕಡ್ಡಿ. ಹಾಕುವಾಗಲೇ ಪೈಪಿನವನು ನನಗೆ ಹೇಳಿದ್ದ: "ಇಸ್ತ್ರಿ ಇದರ ಹತ್ರ ತರಬೇಡಕ್ಕ. ಬಿಸಿ ತಗುಲಿದ್ರೆ ಗಾಜು ಒಡೆಯುತ್ತೆ, ನೀರು ಸುರಿಯುತ್ತೆ. ನಾಳೆ ಬೆಂಕಿ ಬಿದ್ರೆ ಇದೇ ನಿಮ್ಮನ್ನ ಕಾಯೋದು." ಅವತ್ತು ಕೆಲಸ ಬಿಟ್ಟು ಅದನ್ನೇ ನೋಡುತ್ತ ನಿಂತಿದ್ದೆ. ನಾವು ಮೊದಲು ಕೆಲಸ ಮಾಡುತ್ತಿದ್ದ ಹಳೆ ಶೆಡ್ಡಿನಲ್ಲಿ ಇಂಥದ್ದೊಂದು ಮೂತಿ ಇದ್ದಿದ್ದರೆ ನನ್ನ ತಂಗಿ ಈಗ ಎದುರಿನ ಮೇಜಿನಲ್ಲಿ ಕಾಲರ್ ಒತ್ತುತ್ತಿದ್ದಳು. ಶೆಡ್ಡು ಹೊತ್ತಿಕೊಂಡಾಗ ಅವಳು ಒಳಗಿದ್ದಳು. ನಾನು ನೀರು ಕುಡಿಯಲು ಹೊರಗೆ ಬಂದಿದ್ದೆ.

ಶರ್ಟು ಒದ್ದೆಯಾದ ದಿನವೇ ಪೀಪಿ ಮೂಲೆಯಲ್ಲಿದ್ದ ದೊಡ್ಡ ವಾಲ್ವ್ ತಿರುಗಿಸಿ ಬಂದ್ ಮಾಡಿದ. ಪೈಪಿನಲ್ಲಿದ್ದ ನೀರನ್ನೆಲ್ಲ ಮೋರಿಗೆ ಬಿಡಿಸಿದ. ಚಕ್ರಕ್ಕೆ ಸರಪಳಿ ಸುತ್ತಿ ಬೀಗ ಜಡಿದ.

"ಸೋರೋ ಕಡೆ ರಿಪೇರಿ ಮಾಡಿಸಿ ಸಾರ್. ನೀರೇ ಇಲ್ದೆ ಬೆಂಕಿ ಬಿದ್ರೆ?"

"ಬಿದ್ರೆ ನೀನು ಉಚ್ಚೆ ಹುಯ್ಯಿ."

ಸುತ್ತಲಿನ ಹೆಂಗಸರು ನಕ್ಕರು. ನಗದಿದ್ದರೆ ನಾಳೆ ಅವರ ಸರದಿ.

ಕೆಲಸ ಮುಗಿಸಿ ಕೋಣೆಗೆ ಹೋದರೆ ಈಗಲೂ ಬಾಗಿಲು ತಟ್ಟುತ್ತೇನೆ. ಬೀಗದ ಕೈ ನನ್ನ ಚೀಲದಲ್ಲೇ ಇರುತ್ತದೆ. ತಂಗಿ ದಾಪುಗಾಲು ಹಾಕಿ ನನಗಿಂತ ಮೊದಲು ಬಂದು, ಚಿಲಕ ಹಾಕಿಕೊಂಡು, "ಯಾರದು? ಮನೇಲಿ ಯಾರೂ ಇಲ್ಲ" ಎಂದು ಒಳಗಿಂದ ಕಾಡಿಸುತ್ತಿದ್ದಳು.

ಮೊನ್ನೆ ಶರ್ಟು ಕೊಳ್ಳುವ ಕಂಪನಿಯಿಂದ ಒಬ್ಬ ಹೆಂಗಸು ತಪಾಸಣೆಗೆ ಬಂದಳು. ಸರಪಳಿ ಕಾಣದಂತೆ ಪೀಪಿ ಅದರ ಮುಂದೆ ಬಟ್ಟೆಯ ಥಾನು ಪೇರಿಸಿದ್ದ. ಮೇಲೆ ಥಳಕು, ಒಳಗೆ ಹುಳುಕು. ಮಾಲೀಕ ತಾನೇ ಜೊತೆಗೆ ನಡೆದು ಛಾವಣಿ ತೋರಿಸಿದ.

"ಕೆಲಸದವರು ನಮಗೆ ಮನೆ ಮಕ್ಕಳಿದ್ದಂಗೆ ಮೇಡಂ. ಇವರ ಜೀವಕ್ಕೆ ಅಂತ್ಲೇ ಹಾಕ್ಸಿದ್ದು."

"ನೀರು ಯಾವಾಗ್ಲೂ ಇರುತ್ತಾ?"

"ಗಾಜು ಒಡೆದ್ರೆ ಸಾಕು, ಮಳೆ ಸುರಿದಂಗೆ ಸುರಿಯುತ್ತೆ."

ಅವಳು ತಲೆಯಾಡಿಸಿ ಮುಂದೆ ಹೊರಟಳು. ಇಷ್ಟೇನಾ ಅನ್ನಿಸಿತು ನನಗೆ.

ಚಪ್ಪಲಿ ಕಳಚಿ ಮೇಜು ಹತ್ತಿದೆ. ಇಸ್ತ್ರಿಪೆಟ್ಟಿಗೆಯ ವೈರು ಮೇಲಿಂದಲೇ ಇಳಿಬಿದ್ದಿರುವುದರಿಂದ ಛಾವಣಿಗೂ ಮುಟ್ಟುತ್ತದೆ. ಎರಡೂ ಕೈಯಲ್ಲಿ ಎತ್ತಿ ಹಿತ್ತಾಳೆ ಮೂತಿಗೆ ಒತ್ತಿ ಹಿಡಿದೆ.

"ಇಳಿಯೇ ಕೆಳಗೆ, ದರಿದ್ರದವಳೇ." ಪೀಪಿ ಓಡಿಬಂದು ನನ್ನ ಕಾಲು ಹಿಡಿದು ಎಳೆದ.

"ಅವಳಿಗೆ ತಲೆ ಕೆಟ್ಟಿದೆ ಮೇಡಂ, ನೀವು ಬನ್ನಿ," ಎಂದ ಮಾಲೀಕ.

ಮಷಿನ್‌ಗಳೆಲ್ಲ ನಿಂತವು. ಯಾರೂ ಎದ್ದು ಬರಲಿಲ್ಲ. ಅಷ್ಟು ಜನರ ನಡುವೆ ಅಷ್ಟು ಒಂಟಿಯಾಗಿ ನಾನು ಯಾವತ್ತೂ ನಿಂತಿರಲಿಲ್ಲ. ಇಸ್ತ್ರಿ ಮಾತ್ರ ಬಿಡಲಿಲ್ಲ.

ಗಾಜು ಟಪ್ಪೆಂದು ಒಡೆಯಿತು.

ತಪಾಸಣೆಯವಳು ಗಾಬರಿಯಿಂದ ಬ್ಯಾಗನ್ನು ತಲೆಯ ಮೇಲೆ ಹಿಡಿದಳು. ಹೊಲಿಯುವ ಹೆಂಗಸರು ಮಷಿನ್ ಕೆಳಗೆ ತೂರಿಕೊಂಡರು. ಮಾಲೀಕ ಮತ್ತು ಪೀಪಿ ಮಾತ್ರ ನಿಂತಲ್ಲಿಂದ ಅಲುಗಾಡಲಿಲ್ಲ. ಬ್ಯಾಗು ಹಿಡಿದವಳು ಅವರಿಬ್ಬರನ್ನೂ ನೋಡಿದಳು.

ಹನಿ ನೀರು ಬರಲಿಲ್ಲ. ಚಿಟಿಕೆ ತುಕ್ಕು ಉದುರಿತು.

ಇಸ್ತ್ರಿ ಕೆಳಗಿಟ್ಟು ಆ ಮೂತಿಯ ಕೆಳಗೆ ಸರಿದು ನಿಂತೆ.

"ತಲೆ ಒಡ್ಡಿದೀನಿ ಸಾರ್," ಅಂದೆ. "ಈಗ ನೀರು ಬಿಡಿ."